ಹಿಕಿಟೆಯ ಕೈ ಖಾಲಿ ಬರಬಾರದು: ಕರಾಟೆಯ ಕಟಾವನ್ನು ಜಗಳಕ್ಕೆ ಒಗ್ಗಿಸಿದ ನನ್ನ ಅನುಭವ

"ಕಟಾ ನೋಡೋಕೆ ಚೆಂದ, ಬೀದಿ ಜಗಳಕ್ಕೆ ಆಗಲ್ಲ." ಕಟಾ ಅಂದರೆ ಕರಾಟೆಯಲ್ಲಿ ಒಬ್ಬರೇ ಮಾಡುವ, ಮೊದಲೇ ಗೊತ್ತುಮಾಡಿದ ಚಲನೆಗಳ ಸರಣಿ. ಈ ಮಾತನ್ನು ಬಾಕ್ಸಿಂಗ್‌ನವರು ಹೇಳಿದರು, ಎಂಎಂಎ (ಮಿಶ್ರ ಕಾದಾಟ) ಜಿಮ್‌ನವರು ಹೇಳಿದರು. ನಮ್ಮ ಡೋಜೋದ (ಕರಾಟೆ ಶಾಲೆಯ) ಬ್ಲ್ಯಾಕ್ ಬೆಲ್ಟ್ ಹಿರಿಯರೂ ಹೇಳಿದರು. ಕಟಾ ಗ್ರೇಡಿಂಗ್‌ಗೆ, ಕುಮಿಟೆ (ಇಬ್ಬರು ಎದುರುಬದುರಾಗಿ ಕಾದುವುದು) ಟೂರ್ನಮೆಂಟ್‌ಗೆ, ನಿಜವಾದ ಜಗಳ ಬಂದರೆ ದೇವರೇ ಗತಿ ಅನ್ನುವುದು ಅವರ ಲೆಕ್ಕ. ನಾನು ಒಪ್ಪಲಿಲ್ಲ. ಕಟಾ ಜಗಳಕ್ಕೂ ಆಗುತ್ತದೆ ಎಂದು ತೋರಿಸಲು ಮೂರು ವರ್ಷದ ಹತ್ತಿರ ಹಿಡಿಯಿತು. ಈಗ ಅದೇ ಜಿಮ್‌ನ ಹುಡುಗರು ನಮ್ಮಲ್ಲಿಗೆ ಬಂದು ಕೇಳಿ ಕಲಿಯುತ್ತಿದ್ದಾರೆ.

ಮೊದಲು, ಏಟು ತಗುಲಿದೊಡನೆ ನಿಲ್ಲಿಸಿ ಅಂಕ ಕೊಡುವ ಪಾಯಿಂಟ್ ಕುಮಿಟೆಯ ವೇಗವನ್ನೇ ನಂಬಿ ಜಿಮ್‌ಗೆ ಹೋದೆ. ಗ್ಯಾಕು ಝುಕಿ (ಹಿಂದಿನ ಕೈಯ ಪಂಚ್) ಸರಿಯಾಗೇ ಬಿತ್ತು. ಆದರೆ ಅಲ್ಲಿ "ಯಮೆ" (ನಿಲ್ಲಿಸಿ) ಅನ್ನುವವರು ಯಾರೂ ಇಲ್ಲವಲ್ಲ. ಎದುರಾಳಿ ಕಾಲರ್ ಹಿಡಿದ, ಬೀಸತೊಡಗಿದ, ನನ್ನ ವೇಗ ಅಲ್ಲಿಗೆ ಮುಗಿಯಿತು. ದೂರ ಕಾಯ್ದುಕೊಂಡರೆ ಕರಾಟೆ ನಡೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಕರಾಟೆ ಹಿನ್ನೆಲೆಯ ಎಂಎಂಎ ಫೈಟರ್ ಲ್ಯೋಟೊ ಮಚಿಡಾ 2009ರಲ್ಲಿ ಯುಎಫ್‌ಸಿ ಬೆಲ್ಟ್ ಗೆದ್ದ, 2011ರಲ್ಲಿ ರ‍್ಯಾಂಡಿ ಕೌಟುರ್‌ನನ್ನು ಹಾರಿ ಒದ್ದ ಮಾಯೆ ಗೆರಿಯಿಂದ (ಮುಂದಕ್ಕೆ ನೇರ ಒದೆ) ಮಲಗಿಸಿದ. ಆದರೆ ಅವನಿಗೆ ಹಿಂದೆ ಸರಿಯಲು ಜಾಗ ಇತ್ತು. ಮೆಟ್ಟಿಲ ಮೇಲೆ, ನಿಂತ ಎರಡು ಗಾಡಿಗಳ ನಡುವೆ ಆ ಜಾಗ ಎಲ್ಲಿ ಸಿಗುತ್ತದೆ?

ಆಮೇಲೆ ಪೂರ್ತಿ ಬಲದಿಂದ ಹೊಡೆಯುವ ಕ್ಯೊಕುಶಿನ್ ಕರಾಟೆ ಪದ್ಧತಿಯಲ್ಲಿ ಕೆಲವು ತಿಂಗಳು. ಏಟು ತಿನ್ನುವುದನ್ನು ಅದು ಕಲಿಸಿತು. ತೊಡೆ, ಪಕ್ಕೆ ಗಟ್ಟಿಯಾದವು. ಅಲ್ಲಿ ಮುಖಕ್ಕೆ ಕೈಯಿಂದ ಹೊಡೆಯುವಂತಿಲ್ಲ, ಹಾಗಾಗಿ ಕೈ ಕೆಳಗಿಳಿಯುವ ಚಾಳಿ ಬೀಳುತ್ತದೆ. ಬಿಟ್ಟೆ.

ದುಡ್ಡಿನ ವಿಷಯ ಹೇಳಲೇಬೇಕು. ಮೂರು ತಿಂಗಳ ಫೀಸಿನಷ್ಟು ಕೊಟ್ಟು ಒಂದು ಬುಂಕಾಯ್ (ಕಟಾದ ಚಲನೆಗಳ ಬಳಕೆ ತೋರಿಸುವ) ಸೆಮಿನಾರ್‌ಗೆ ಹೋಗಿದ್ದೆ. ಒಬ್ಬ ಪಂಚ್ ಕೊಟ್ಟು ಗೊಂಬೆ ಹಾಗೆ ನಿಲ್ಲುತ್ತಾನೆ, ಇನ್ನೊಬ್ಬ ಅವನ ಮೇಲೆ ಐದು ಟೆಕ್ನಿಕ್ ಹಾಕುತ್ತಾನೆ. ಸರ್ಟಿಫಿಕೇಟ್ ಬಂತು, ದುಡ್ಡು ಹೋಯಿತು. ಹೆಡ್‌ಗಾರ್ಡ್‌ಗೆ ಇನ್ನೊಂದಿಷ್ಟು. ಪ್ಲಾಸ್ಟಿಕ್ ಮುಖದ್ದು ಉಸಿರಿನ ಆವಿಗೆ ಮಂಜಾಗಿ ಏನೂ ಕಾಣುತ್ತಿರಲಿಲ್ಲ, ಎರಡು ತಿಂಗಳಲ್ಲಿ ಬಿರುಕು ಬಿಟ್ಟಿತು. ಕಬ್ಬಿಣದ ಜಾಲರಿಯದ್ದು ತಂದ ಮೇಲೆ ತೊಂದರೆ ತಪ್ಪಿತು. ಹೊಡೆಯುವವನಿಗೆ ದಪ್ಪ ಬಾಕ್ಸಿಂಗ್ ಗ್ಲೌಸ್, ಹಿಡಿಯಬೇಕಾದವನಿಗೆ ಬೆರಳು ತೆರೆದ ಗ್ಲೌಸ್. ಒಟ್ಟು ಒಂದು ವರ್ಷದ ಫೀಸಿನಷ್ಟಾಯಿತು. ಐದಾರು ಜನ ಹಂಚಿಕೊಂಡೆವು.

ದಾರಿ ಸಿಕ್ಕಿದ್ದು ಹಿಕಿಟೆಯಲ್ಲಿ, ಅಂದರೆ ಹೊಡೆಯುವಾಗ ಇನ್ನೊಂದು ಕೈಯನ್ನು ಸೊಂಟಕ್ಕೆ ಎಳೆದುಕೊಳ್ಳುವುದರಲ್ಲಿ. ಆ ಕೈ ಎದುರಾಳಿಯ ತೋಳನ್ನೋ ಬಟ್ಟೆಯನ್ನೋ ಹಿಡಿದುಕೊಂಡೇ ಬರಬೇಕು. ಇದು ಕರಾಟೆಯವರಿಗೆಲ್ಲ ಗೊತ್ತು. ಬಗ್ಗದ ಮನುಷ್ಯನ ಮೇಲೆ ಮಾಡಿ ನೋಡಿದವರು ಕಡಿಮೆ.

ನಮ್ಮ ಡ್ರಿಲ್ ಹೀಗೆ. ಜೊತೆಗಾರ ಎಡಗೈಯಲ್ಲಿ ಕಾಲರ್ ಹಿಡಿದು ಬಲಗೈಯಲ್ಲಿ ಒಂದೇ ಸಮನೆ ಬೀಸುತ್ತಾನೆ. ಒಂದು ಪಂಚ್‌ಗೆ ನಿಲ್ಲುವ ಹಾಗಿಲ್ಲ. ಹತ್ತು ಸೆಕೆಂಡ್, ಅಷ್ಟೇ. ನಾನು ಗದ್ದ ಇಳಿಸಿ, ಎಡ ಮುಂಗೈಯನ್ನು ಅವನ ಬಲತೋಳಿನ ಒಳಬದಿಗೆ ನುಗ್ಗಿಸುತ್ತೇನೆ. ಬೀಸು ತಡೆದ ಕ್ಷಣವೇ ಆ ಕೈ ಅವನ ಮೊಣಕೈ ಮೇಲಿನ ತೋಳನ್ನು ಹಿಡಿದು ನನ್ನ ಸೊಂಟಕ್ಕೆ ಎಳೆಯುತ್ತದೆ. ಅದೇ ಹೊತ್ತಿಗೆ ಬಲ ಮುಂಗೈ ಕತ್ತಿನ ಪಕ್ಕಕ್ಕೆ. ನೋಡಿದರೆ ಅದು ಆಗೆ ಉಕೆಯೇ (ಮುಂಗೈ ಮೇಲೆತ್ತುವ ತಡೆ)! ಅವನ ತಲೆ ಹಿಂದೆ ಹೋದರೆ ತಳ್ಳಿ ಹೊರಗೆ ಓಡು. ಒಳಗೇ ನುಗ್ಗಿ ಬಂದರೆ ಟೆಕ್ಕಿ ಶೋದಾನ್ (ನೈಹಾಂಚಿ ಎಂಬ ಹಳೆಯ ಹೆಸರಿನ ಕಟಾ): ಕತ್ತಿನ ಹಿಂದೆ ಕೈ ಹಾಕಿ ತಲೆಯನ್ನೇ ಮೊಣಕೈಗೆ ಎಳೆದುಕೊ. ಓಕಿನಾವಾದಲ್ಲಿ ಜಗಳಗಳಿಗೇ ಹೆಸರಾಗಿದ್ದ ಕರಾಟೆ ಗುರು ಮೊಟೊಬು ಚೋಕಿ ನೈಹಾಂಚಿಯನ್ನು ಅಷ್ಟು ಹಚ್ಚಿಕೊಂಡಿದ್ದು ಯಾಕೆಂದು ಇದನ್ನು ಮಾಡುವಾಗ ಅರ್ಥವಾಯಿತು. ಜಪಾನ್ ಕರಾಟೆ ಅಸೋಸಿಯೇಷನ್‌ನ ಮೊದಲ ಚಾಂಪಿಯನ್‌ಶಿಪ್ ನಡೆದಿದ್ದೇ 1957ರಲ್ಲಿ. ನೈಹಾಂಚಿ ಅದಕ್ಕಿಂತ ಎಷ್ಟೋ ಹಳೆಯದು. ಅದನ್ನು ಪಾಯಿಂಟ್ ಕುಮಿಟೆಯ ದೂರದಲ್ಲಿ ಹುಡುಕಿದರೆ ಸಿಗುವುದಾದರೂ ಹೇಗೆ?

ಶುರುವಿನಲ್ಲಿ ಈ ಡ್ರಿಲ್‌ನ ಹತ್ತು ಸುತ್ತುಗಳಲ್ಲಿ ಎರಡೋ ಮೂರೋ ಸಲ ಬಿಡಿಸಿಕೊಳ್ಳುತ್ತಿದ್ದೆ. ಎಂಟೊಂಬತ್ತು ತಿಂಗಳಾದ ಮೇಲೆ ಆರೇಳು. ಕುಸ್ತಿಯವರ ಎದುರು ಈಗಲೂ ನಾಲ್ಕರ ಆಸುಪಾಸು, ಯಾಕೆಂದರೆ ಅವರು ಸೀದಾ ಕಾಲಿಗೆ ಬರುತ್ತಾರೆ. ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಒತ್ತಿದವನನ್ನು ಸಡಿಲಿಸಲು ಹಿಮ್ಮಡಿಯ ಒಂದು ಸಣ್ಣ ತಿರುವು ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಡೋಜೋದ ಬೆವರಿನದು ಅದು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಜೀನ್ಸ್, ಶೂ ಹಾಕಿಕೊಂಡು ಒದ್ದು ನೋಡಿದೆವು. ಜೋಡಾನ್ ಮವಾಶಿಗೆ (ತಲೆ ಎತ್ತರಕ್ಕೆ ಸುತ್ತಿ ಒದೆಯುವುದು) ಕಾಲೇ ಏಳಲಿಲ್ಲ, ತೊಡೆಸಂದಿಯ ಮಟ್ಟದ ಮಾಯೆ ಗೆರಿ ಮಾತ್ರ ಬರಿಗಾಲಿಗಿಂತ ಚೆನ್ನಾಗಿ ಕೂತಿತು. ಮಕಿವಾರಾದಲ್ಲಿ (ಗುದ್ದಿ ಅಭ್ಯಾಸ ಮಾಡುವ ಹಲಗೆ) ಎಷ್ಟೇ ಪಳಗಿದ ಮುಷ್ಟಿಯಾದರೂ ತಲೆಬುರುಡೆಗೆ ತಗುಲಿದರೆ ಕಿರುಬೆರಳ ಕಡೆಯ ಮೂಳೆ ಮುರಿಯಬಹುದು. ಅದಕ್ಕೇ ಮುಖಕ್ಕೆ ಅಂಗೈ, ಹೊಟ್ಟೆಗೆ ಮುಷ್ಟಿ ಎಂದು ನಿಯಮ ಮಾಡಿಕೊಂಡೆವು. ಏದುಸಿರು ಬರುವಷ್ಟು ಓಡಿಸಿ ಡ್ರಿಲ್ ಶುರು ಮಾಡಿದಾಗ ಮಣಿಕಟ್ಟಿನ ನಾಜೂಕು ಹಿಡಿತಗಳೆಲ್ಲ ಮಾಯ, ದೊಡ್ಡ ಚಲನೆಗಳಷ್ಟೇ ಉಳಿದವು.

ಚಾಕುವಿಗೂ ಪ್ರಯತ್ನಿಸಿದೆವು. ಚಾಕುವಿನ ಬದಲು ಮಾರ್ಕರ್ ಪೆನ್, ಎದುರಿಗೆ ಬಿಳಿ ಗೀ (ಕರಾಟೆ ಉಡುಪು). ಮೈಮೇಲೆ ಗೆರೆ ಬೀಳದೆ ಹೊರಬಂದವರು ಒಬ್ಬರೂ ಇಲ್ಲ, ನಾನೂ ಇಲ್ಲ. ಹೊಟ್ಟೆ ಮೇಲೆ, ಮುಂಗೈ ಒಳಬದಿಯಲ್ಲಿ, ಕುತ್ತಿಗೆ ಹತ್ತಿರ ಗೆರೆಗಳೋ ಗೆರೆಗಳು. ಅಂದಿನಿಂದ ಚಾಕುವಿಗೆ ಬಾಗಿಲ ಕಡೆ ಓಡುವುದು, ಕೂಗುವುದು, ನಡುವೆ ಕುರ್ಚಿ ತಳ್ಳುವುದು, ಇಷ್ಟನ್ನೇ ಕಲಿಸುತ್ತೇನೆ. ಇಬ್ಬರು ಮೂವರು ಬಂದರೂ ಅಷ್ಟೇ, ಹಿಡಿದು ನಿಲ್ಲುವಂತಿಲ್ಲ.

ಈಗ ಇನ್ನೊಂದು ಕಟಾ, ಹೇಯಾನ್ ಶೋದಾನ್‌ನ ನಾಲ್ಕನೇ ಚಲನೆಯ ಮೇಲೆ ಕೆಲಸ ನಡೆದಿದೆ. ಮಣಿಕಟ್ಟು ಬಿಡಿಸಿಕೊಂಡು ಟೆಟ್ಸುಯಿ (ಮುಷ್ಟಿಯನ್ನು ಸುತ್ತಿಗೆಯ ಹಾಗೆ ಇಳಿಸುವ ಏಟು). ನಿಂತಲ್ಲೇ ಹಿಡಿದರೆ ಸಲೀಸು. ತನಗಿಂತ ಇಪ್ಪತ್ತು ಕೆಜಿ ಜಾಸ್ತಿ ಇರುವವನು ಹಿಡಿದು ಎಳೆದುಕೊಂಡೇ ಹೊರಟರೆ ಇನ್ನೂ ಸರಿಯಾಗಿ ಕೂರುತ್ತಿಲ್ಲ. ಹುಡುಗಿಯರ ಬ್ಯಾಚ್‌ಗೆ ಮೊದಲು ಬೇಕಾದದ್ದು ಇದೇ. ಅದಕ್ಕೇ ಸದ್ಯ ವಾರದಲ್ಲಿ ಎರಡು ಕ್ಲಾಸ್ ಪೂರ್ತಿ ಇದಕ್ಕೇ ಮೀಸಲು.