ಟೆಕ್ಸಾಸ್‌ಗೆ ಹೊಸದಾಗಿ ಬಂದವರಿಗೆ: ಕಾರು, ಬಂದೂಕು ಮತ್ತು ನಿಮ್ಮ ವೀಸಾ

ಬಾಡಿಗೆ ಮನೆ, ಮಕ್ಕಳ ಶಾಲೆ, ಸೋನಾ ಮಸೂರಿ ಸಿಗುವ ಅಂಗಡಿ, ಇವನ್ನೆಲ್ಲ ಯಾರಾದರೂ ಹೇಳಿಕೊಡುತ್ತಾರೆ. ಬಂದೂಕಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ನಮ್ಮ ಕಡೆ ಬಂದೂಕು ಕಂಡದ್ದು ಪೊಲೀಸರ ಹತ್ತಿರ, ಬ್ಯಾಂಕಿನ ಬಾಗಿಲಲ್ಲಿ, ಇಲ್ಲವೇ ಮಲೆನಾಡಿನ ತೋಟದ ಮನೆಗಳಲ್ಲಿ. ಇಲ್ಲಿ ಸಿಗ್ನಲ್‌ನಲ್ಲಿ ಪಕ್ಕ ನಿಂತ ಕಾರಿನಲ್ಲೇ ಇರಬಹುದು. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ 21 ವರ್ಷ ತುಂಬಿದವರು, ಕಾನೂನಿನ ತಡೆ ಇಲ್ಲದಿದ್ದರೆ, ಲೈಸೆನ್ಸ್ ಇಲ್ಲದೆಯೇ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಆ ತಡೆ ಹೊಸದಾಗಿ ಬಂದ ನಮ್ಮವರಲ್ಲಿ ಹೆಚ್ಚಿನವರಿಗೆ ಇದೆ. ಅದಕ್ಕೇ ಇಷ್ಟು ಬರೆಯುತ್ತಿದ್ದೇವೆ.

ವೀಸಾ ಮೇಲೆ ಬಂದವರು

ಎಚ್-1ಬಿ, ಎಚ್-4, ಎಲ್-1, ಎಫ್-1, ಅಪ್ಪ ಅಮ್ಮನ ವಿಸಿಟರ್ ವೀಸಾ, ಯಾವುದೇ ಆಗಲಿ. ಬಂದೂಕಾಗಲೀ ಗುಂಡಾಗಲೀ ನಿಮ್ಮ ವಶದಲ್ಲಿ ಇರಬಾರದು. ಇದು ಅಮೆರಿಕದ ಕೇಂದ್ರ ಸರ್ಕಾರದ ಕಾನೂನು. ಟೆಕ್ಸಾಸ್ ಎಷ್ಟೇ ಸಡಿಲ ಬಿಟ್ಟರೂ ಇದು ಸಡಿಲವಾಗುವುದಿಲ್ಲ. ಮೊದಲು 10 ವರ್ಷದವರೆಗೆ ಇದ್ದ ಜೈಲು ಶಿಕ್ಷೆಯನ್ನು 2022ರಲ್ಲಿ 15 ವರ್ಷದವರೆಗೆ ಏರಿಸಿದರು. ಜೊತೆಗೆ ದೇಶದಿಂದ ಹೊರಗೆ ಹಾಕುವ ಪ್ರಕ್ರಿಯೆಯೂ ಶುರುವಾಗಬಹುದು. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿರುವವರು "ಇನ್ನೇನು ಬಂದೇಬಿಡ್ತು" ಅಂದುಕೊಳ್ಳಬೇಡಿ. ಕೈಗೆ ಬರುವ ತನಕ ನೀವೂ ಇದೇ ಸಾಲಿನಲ್ಲಿದ್ದೀರಿ.

ಬೇಟೆಯ ಲೈಸೆನ್ಸ್ ಪಡೆದವರಿಗೆ ಕಾನೂನಿನಲ್ಲಿ ಒಂದು ವಿನಾಯಿತಿ ಇರುವುದು ನಿಜ. ವಾಟ್ಸಾಪ್ ಗುಂಪುಗಳಲ್ಲಿ ಅದು ಅರ್ಧಂಬರ್ಧ ಓಡಾಡುತ್ತದೆ. ಇಮಿಗ್ರೇಶನ್ ಲಾಯರ್ ಹತ್ತಿರ ಕೂತು ಮಾತಾಡದೆ ಅದನ್ನು ನಂಬಿ ಹೆಜ್ಜೆ ಇಡಬೇಡಿ.

"ನನ್ನ ಬಂದೂಕಲ್ಲವಲ್ಲ" ಅಂದರೆ ಸಾಲದು, ಇದನ್ನು ಚೆನ್ನಾಗಿ ನೆನಪಿಡಿ. ಕಾನೂನು ನೋಡುವುದು ಯಾರು ದುಡ್ಡು ಕೊಟ್ಟು ತಂದರು ಅಂತಲ್ಲ. ಇದೆ ಅಂತ ನಿಮಗೆ ಗೊತ್ತಿದ್ದು, ಕೈಗೆ ಸಿಗುವಂತೆ ನಿಮ್ಮ ಹತೋಟಿಯಲ್ಲಿದ್ದರೆ ಅದನ್ನೂ ವಶ ಅಂತಲೇ ಲೆಕ್ಕ ಹಾಕಬಹುದು. ಮನೆ ಬದಲಾಯಿಸಲು ಸಹೋದ್ಯೋಗಿಯ ಪಿಕಪ್ ಟ್ರಕ್ ಎರವಲು ತರುತ್ತೀರಿ. ಗ್ಲೋವ್ ಬಾಕ್ಸಿನಲ್ಲಿ ಏನಿದೆ ಅಂತ ಕೀಲಿ ಇಸಿದುಕೊಳ್ಳುವ ಮೊದಲೇ ಕೇಳಿ. ಇದೆ ಅಂದರೆ ಅವರೇ ತೆಗೆದಿಟ್ಟುಕೊಳ್ಳಲಿ. ಇಲ್ಲಿ ಇದು ಮಾಮೂಲಿ ಪ್ರಶ್ನೆ, ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮವರಿಗೆ ಸಂಕೋಚ ಜಾಸ್ತಿ. "ಹೇಗೆ ಕೇಳೋದು, ಏನಂದುಕೊಳ್ತಾರೋ" ಅಂತ ಸುಮ್ನಿರುತ್ತಾರೆ. ದಯವಿಟ್ಟು ಈ ಒಂದು ವಿಷಯದಲ್ಲಿ ಸಂಕೋಚ ಬಿಡಿ.

ಆಫೀಸಿನವರು ಶೂಟಿಂಗ್ ರೇಂಜಿಗೆ ಕರೆದರೆ? ಬಾಡಿಗೆಯ ಬಂದೂಕನ್ನು ಕೈಯಲ್ಲಿ ಹಿಡಿದರೂ ವಶವೇ. ಅದರ ಜೊತೆ ಫೋಟೋ ತೆಗೆಸಿ ಇನ್‌ಸ್ಟಾಗ್ರಾಮ್‌ಗೆ ಹಾಕುವುದು ನಿಮ್ಮ ವಿರುದ್ಧ ನೀವೇ ಸಾಕ್ಷಿ ಬರೆದುಕೊಟ್ಟಂತೆ. ಇದನ್ನು ಮಾಡುವವರು ನಮ್ಮ ಹುಡುಗರಲ್ಲೇ ಇದ್ದಾರೆ. ಓದಿದವರು, ಬುದ್ಧಿವಂತರು. ಬೇಡ ಕಣ್ರಪ್ಪ.

ಪೊಲೀಸರು ನಿಲ್ಲಿಸಿದರೆ

ಊರಿನಲ್ಲಿ ಟ್ರಾಫಿಕ್ ಪೊಲೀಸರು ಕೈ ಮಾಡಿದರೆ ನಾವೇ ಇಳಿದು, ಡಾಕ್ಯುಮೆಂಟ್ಸ್ ಹಿಡಿದು, "ಸಾರ್" ಅಂತ ಅವರ ಹತ್ತಿರ ಹೋಗುತ್ತೇವೆ. ಅದು ಮರ್ಯಾದೆ. ಇಲ್ಲಿ ಅದೇ ಅಪಾಯ. ಯಾವ ಕಾರಿನಲ್ಲಾದರೂ ಬಂದೂಕು ಇರಬಹುದು ಅನ್ನುವ ಎಚ್ಚರದಲ್ಲೇ ಆಫೀಸರ್ ನಡೆದು ಬರುತ್ತಾರೆ.

ಬಲಕ್ಕೆ ತೆಗೆದು ನಿಲ್ಲಿಸಿ. ಇಳಿಯಬೇಡಿ. ರಾತ್ರಿಯಾದರೆ ಒಳಗಿನ ಲೈಟ್ ಹಾಕಿ. ಎರಡೂ ಕೈ ಸ್ಟೀರಿಂಗ್ ಮೇಲೆ ಇರಲಿ, ಪಕ್ಕ ಕೂತವರ ಕೈಯೂ ಕಾಣುತ್ತಿರಲಿ. ಲೈಸೆನ್ಸ್, ಇನ್ಶೂರೆನ್ಸ್ ಕೇಳಿದಾಗ ಎಲ್ಲಿವೆ ಅಂತ ಮೊದಲು ಬಾಯಲ್ಲಿ ಹೇಳಿ, ಆಮೇಲೆ ನಿಧಾನವಾಗಿ ತೆಗೆಯಿರಿ. ಹಿಂದಿನ ಸೀಟಿನಿಂದ ಅತ್ತೆ ಮಾವ "ಏನಂತೆ, ಏನಂತೆ" ಅಂತ ಬಾಗಿಲು ತೆರೆಯದ ಹಾಗೆ ಮೊದಲೇ ಹೇಳಿಟ್ಟಿರಿ. ಟೆಕ್ಸಾಸ್‌ನ ಡ್ರೈವರ್ ಹ್ಯಾಂಡ್‌ಬುಕ್‌ನಲ್ಲಿ ಇದರದ್ದೇ ಒಂದು ಭಾಗವಿದೆ. ಮನೆಯವರೆಲ್ಲ ಓದಿ.

ಹಾರ್ನ್

ಬೆಂಗಳೂರಿನಲ್ಲಿ ಹಾರ್ನ್ ಅಂದರೆ "ನಾನಿದ್ದೀನಿ" ಅಂತ. ಇಲ್ಲಿ ಅದನ್ನು ಬೈಗುಳ ಅಂತ ತಿಳಿಯುತ್ತಾರೆ. ಸುಮ್ಮಸುಮ್ಮನೆ ಒತ್ತಬೇಡಿ. ಯಾರಾದರೂ ಅಡ್ಡ ಬಂದರೆ ಗುರಾಯಿಸಬೇಡಿ, ಕೈ ಸನ್ನೆ ಮಾಡಬೇಡಿ, ಹಿಂದೆ ಬೀಳಬೇಡಿ. ಬಂದೂಕು ತೋರಿಸಿ ಹೆದರಿಸುವುದು ಇಲ್ಲೂ ಅಪರಾಧವೇ, ಆದರೆ ಹೈವೇ ಮೇಲೆ ನ್ಯಾಯ ಕೇಳುತ್ತಾ ನಿಲ್ಲಲು ಆಗುತ್ತದೆಯೇ? ಯಾರಾದರೂ ಬೆನ್ನು ಹತ್ತಿದರೆ ಮನೆಗೆ ಹೋಗಬೇಡಿ. 911ಕ್ಕೆ ಫೋನ್ ಮಾಡುತ್ತಾ ಜನ ಇರುವ ಕಡೆಗೆ ಓಡಿಸಿ.

ಗ್ರೀನ್ ಕಾರ್ಡ್ ಮತ್ತು ಸಿಟಿಜನ್‌ಶಿಪ್ ಇರುವವರು

- ಕಾರಿನಲ್ಲಿ ಪಿಸ್ತೂಲು ಹೊರಗೆ ಕಾಣಬಾರದು. ಕಂಡರೆ ಹೋಲ್‌ಸ್ಟರ್‌ನಲ್ಲಿರಬೇಕು.
- ಎಲ್‌ಟಿಸಿ (ಪಿಸ್ತೂಲು ಇಟ್ಟುಕೊಂಡು ಓಡಾಡಲು ಟೆಕ್ಸಾಸ್ ಕೊಡುವ) ಲೈಸೆನ್ಸ್ ಇದ್ದು, ಪಿಸ್ತೂಲು ಜೊತೆಯಲ್ಲಿದ್ದರೆ, ಪೊಲೀಸರು ಗುರುತಿನ ಚೀಟಿ ಕೇಳಿದಾಗ ಆ ಲೈಸೆನ್ಸನ್ನೂ ತೋರಿಸಿ.
- ಶಾಲೆಯ 1000 ಅಡಿ ಒಳಗೆ ಕೇಂದ್ರದ ಕಾನೂನು ಬೇರೆ. ಎಲ್‌ಟಿಸಿ ಇಲ್ಲದವರು ಗುಂಡು ತೆಗೆದು, ಪೆಟ್ಟಿಗೆಗೆ ಬೀಗ ಹಾಕಿ.
- ಪೋಸ್ಟ್ ಆಫೀಸಿನ ಪಾರ್ಕಿಂಗ್‌ನಲ್ಲೂ ನಿಷೇಧ.
- ರಾಜ್ಯ ದಾಟುವಾಗ ಗುಂಡು ತೆಗೆದು ಡಿಕ್ಕಿಯಲ್ಲಿಡಿ. ಡಿಕ್ಕಿ ಬೇರೆ ಇಲ್ಲದ ಎಸ್‌ಯುವಿ ಆದರೆ ಬೀಗದ ಪೆಟ್ಟಿಗೆ. ಗ್ಲೋವ್ ಬಾಕ್ಸಿಗೆ ಬೀಗ ಹಾಕಿದರೆ ಲೆಕ್ಕಕ್ಕಿಲ್ಲ.
- ಮೆಕ್ಸಿಕೋ ಗಡಿ ದಾಟುವ ಕಾರಿನಲ್ಲಿ ಒಂದೇ ಒಂದು ಗುಂಡೂ ಇರಬಾರದು.
- 17ರ ಒಳಗಿನ ಮಕ್ಕಳ ಕೈಗೆ ಸಿಗುವಂತೆ ಗುಂಡು ತುಂಬಿದ ಬಂದೂಕು ಬಿಟ್ಟರೆ ಕೇಸು ದೊಡ್ಡವರ ಮೇಲೆ.
- ಕನ್ನಡ ಕಾರ್ಯಕ್ರಮಗಳಿಗೆ ತರಬೇಡಿ. ಕಾನೂನು ಬಿಟ್ಟರೂ ತರಬೇಡಿ.

ಕೊಡಗಿನಿಂದ ಬಂದವರಿಗೆ

ಕೈಲ್‌ಪೊಳ್ದ್ ಹಬ್ಬದ ದಿನ ತೋಕಿಗೆ (ಬಂದೂಕಿಗೆ) ಹೂವಿಟ್ಟು ಪೂಜಿಸುವ ಮನೆಗಳು ನಿಮ್ಮವು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಭಾರತದಲ್ಲಿ ಬಂದೂಕು ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಬಂದೂಕನ್ನು ಗೌರವದಿಂದ ಹಿಡಿಯುವುದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ, ಅದು ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಆ ವಿನಾಯಿತಿ ಅಮೆರಿಕದಲ್ಲಿ ನಡೆಯುವುದಿಲ್ಲ. ವೀಸಾದಲ್ಲಿರುವಾಗ ಇಲ್ಲಿನ ಗೆಳೆಯರ ಬಂದೂಕು ತಂದು ಹಬ್ಬ ಮಾಡಬೇಡಿ.

ಊರಿಗೆ ಹೋಗುವಾಗ

ಮಕ್ಕಳು ಎಲ್ಲೋ ಬಿದ್ದಿದ್ದ ಗುಂಡನ್ನು ಚೆಂದ ಅಂತ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತವೆ. ಅದೇ ಬ್ಯಾಗು ಭಾರತದ ವಿಮಾನ ನಿಲ್ದಾಣದ ಸ್ಕ್ಯಾನರ್‌ಗೆ ಹೋದರೆ, ಲೈಸೆನ್ಸ್ ಇಲ್ಲದ ಒಂದು ಗುಂಡಿಗೂ 1959ರ ಆಯುಧ ಕಾಯ್ದೆಯಡಿ ಕೇಸು ಬೀಳಬಹುದು. ಸೂಟ್‌ಕೇಸ್ ಕಟ್ಟುವ ಮೊದಲು ಶಾಲೆಯ ಬ್ಯಾಗ್, ಜಾಕೆಟ್ ಜೇಬು, ಯಾರಿಂದಲಾದರೂ ಎರವಲು ತಂದ ಬ್ಯಾಗ್, ಎಲ್ಲ ಕೊಡವಿ ನೋಡಿ.