ಬೆಳಗಾಗುವಷ್ಟರಲ್ಲಿ ಬಲೂನುಗಳೆಲ್ಲ ನೆಲದ ಮೇಲೆ: ನನ್ನ ಅನುಭವ

ಕಳೆದ ವರ್ಷ ಮಗಳ ಹುಟ್ಟುಹಬ್ಬದ ಹಿಂದಿನ ಮಧ್ಯಾಹ್ನವೇ 20 ಹೀಲಿಯಂ ಬಲೂನು ತಂದಿಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲವೂ ನೆಲದ ಮೇಲೆ. ಅವಳ ಮುಖ ನೋಡಿ ನನಗೇ ಅಳು ಬಂತು.

ಅಂಗಡಿಯವರ ತಪ್ಪಲ್ಲ ಅದು. ಹೀಲಿಯಂ ಕಣ ತುಂಬಾ ಚಿಕ್ಕದು, ರಬ್ಬರಿನ ಮೂಲಕವೇ ಸೋರಿಹೋಗುತ್ತದೆ. 11 ಇಂಚಿನ ಮಾಮೂಲಿ ಬಲೂನು ತೇಲುವುದು ಸುಮಾರು 12ರಿಂದ 20 ಗಂಟೆ. ಹೊಳೆಯುವ ತೆಳು ಹಾಳೆಯಿಂದ ಮಾಡಿದ ಫಾಯಿಲ್ ಬಲೂನಾದರೆ ಹಲವು ದಿನ ನಿಲ್ಲುತ್ತದೆ.

ಈ ಸಲ ರಬ್ಬರ್ ಬಲೂನುಗಳನ್ನು ಪಾರ್ಟಿಗೆ ಮೂರು ಗಂಟೆ ಮೊದಲು ತುಂಬಿಸಿದೆ. '6' ಅಂಕಿಯ ಫಾಯಿಲ್ ಬಲೂನನ್ನು ಮಾತ್ರ ಹಿಂದಿನ ದಿನ ತಂದೆ. ಕಾರಿನ ಎಸಿಗೆ ಅದು ಸುಕ್ಕುಗಟ್ಟಿತು. ಗಾಬರಿಯಾಯಿತು. ಆದರೆ ತಂಪಿಗೆ ಒಳಗಿನ ಅನಿಲ ಕುಗ್ಗಿತ್ತು, ಅಷ್ಟೇ. ಮನೆಯೊಳಗೆ ಸ್ವಲ್ಪ ಹೊತ್ತಿಗೆ ಮತ್ತೆ ಉಬ್ಬಿತು. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ, ಹಿಗ್ಗಿ ಒಡೆಯುತ್ತದೆ.

ತುಂಬಿಸುವಾಗ ಹೀಲಿಯಂ ಹೌದೋ ಅಲ್ಲವೋ ಕೇಳಿಯೇ ಕೇಳಿ. ಕೆಲವರು ಹೈಡ್ರೋಜನ್ ತುಂಬುತ್ತಾರೆ. ಕೇಕಿನ ಮೇಣದಬತ್ತಿ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ದನಿ ಬದಲಾಗಲಿ ಅಂತ ಮಕ್ಕಳು ಹೀಲಿಯಂ ಎಳೆದುಕೊಳ್ಳಲೂ ಬಿಡಬಾರದು. ಆಮ್ಲಜನಕ ಸಿಗದೆ ಪ್ರಜ್ಞೆ ತಪ್ಪಬಹುದು. ಒಡೆದ ಚೂರುಗಳನ್ನು ಕೂಡಲೇ ಹೆಕ್ಕಿದೆ. ತಂಗಿಯ ಪುಟ್ಟ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಗಂಟಲಲ್ಲಿ ಸಿಕ್ಕಿಕೊಂಡರೆ?

ನಾಲ್ಕನೇ ದಿನವೂ ಆ '6' ಕುರ್ಚಿಗೆ ಕಟ್ಟಿದ ದಾರದಲ್ಲಿ ತೇಲುತ್ತಿತ್ತು.