ಆಡಿಯೋಗ್ರಾಂನಲ್ಲಿ ದೋಷ ಕಂಡಾಗ ವರದಿಯನ್ನು ಓದುವ ಬಗೆ

ಕಿವಿ ಪರೀಕ್ಷೆಯ ವರದಿ ಕೈಗೆ ಬಂದೊಡನೆ ಹೆಚ್ಚಿನವರ ಕಣ್ಣು ಹೋಗುವುದು ಡೆಸಿಬೆಲ್ ಸಂಖ್ಯೆಯತ್ತ. 45 ಎಂದಿದ್ದರೆ ಶೇ 45ರಷ್ಟು ಕಿವುಡಾಗಿದೆ ಎಂದು ಗಾಬರಿಪಡುವವರಿದ್ದಾರೆ. ಅದು ಶೇಕಡಾ ಲೆಕ್ಕವಲ್ಲ. 500, 1000, 2000 ಹರ್ಟ್ಸ್‌ಗಳಲ್ಲಿ, ಕೆಲವೆಡೆ 4000 ಹರ್ಟ್ಸ್ ಅನ್ನೂ ಸೇರಿಸಿಕೊಂಡು, ಕೇಳಿಸಿದ ಅತಿ ಸಣ್ಣ ದನಿಯ ಮಟ್ಟಗಳ ಸರಾಸರಿ. ವಯಸ್ಕರಲ್ಲಿ ಸಾಮಾನ್ಯವಾಗಿ 25ರವರೆಗೆ ಸಹಜ, 40ರವರೆಗೆ ಅಲ್ಪ, 55ರವರೆಗೆ ಮಧ್ಯಮ, 70ರವರೆಗೆ ಮಧ್ಯಮ-ತೀವ್ರ ದೋಷವೆಂದು ಎಣಿಸುತ್ತಾರೆ. 70 ದಾಟಿದರೆ ತೀವ್ರ, 90 ದಾಟಿದರೆ ಅತಿ ತೀವ್ರ.

ಆದರೆ ಈ ಸಂಖ್ಯೆ ದೋಷದ ಪ್ರಮಾಣವನ್ನು ಹೇಳುತ್ತದೆಯೇ ಹೊರತು ದೋಷ ಎಲ್ಲಿದೆ ಎಂಬುದನ್ನಲ್ಲ. ಅದಕ್ಕೆ ವರದಿಯಲ್ಲಿರುವ ಆಡಿಯೋಗ್ರಾಂ ಎಂಬ ನಕ್ಷೆಯನ್ನೇ ನೋಡಬೇಕು. ಕೆಂಪು ಸೊನ್ನೆಗಳು ಬಲಗಿವಿ, ನೀಲಿ ಗುಣಿಸು ಚಿಹ್ನೆಗಳು ಎಡಗಿವಿ. ಗೆರೆ ಕೆಳಗಿಳಿದಷ್ಟೂ ಕೇಳಿಸುವಿಕೆ ಕಡಿಮೆ. ಇವು ಹೆಡ್‌ಫೋನಿನಿಂದ ಗಾಳಿಯ ಮೂಲಕ ದಾಟಿದ ದನಿಯ ಫಲಿತಾಂಶ. ಕಿವಿಯ ಹಿಂದಿನ ಎಲುಬಿಗೆ ಕಂಪಕವಿಟ್ಟು ನೇರವಾಗಿ ಒಳಗಿವಿಗೆ ದನಿ ಕಳಿಸಿದಾಗ ಬಂದ ಫಲಿತಾಂಶವನ್ನು ಬಾಣದ ತುದಿಯಂತಹ ಅಥವಾ ಚೌಕ ಆವರಣದಂತಹ ಗುರುತುಗಳಲ್ಲಿ ಹಾಕಿರುತ್ತಾರೆ. ಎಲುಬಿನ ಗೆರೆ ಸಹಜ ಮಟ್ಟದಲ್ಲಿದ್ದು ಗಾಳಿಯ ಗೆರೆ ಮಾತ್ರ 10 ಡೆಸಿಬೆಲ್‌ಗಿಂತ ಹೆಚ್ಚು ಕೆಳಗಿದ್ದರೆ, ತಡೆ ಇರುವುದು ಹೊರಗಿವಿಯಲ್ಲಿ ಅಥವಾ ನಡುಗಿವಿಯಲ್ಲಿ: ಗುಗ್ಗೆ, ತೂತಾದ ಕಿವಿತಮಟೆ, ಒಳಗೆ ನಿಂತ ದ್ರವ, ಬಿಗಿದುಕೊಂಡ ಕಿರುಮೂಳೆ. ಇವುಗಳಲ್ಲಿ ಹೆಚ್ಚಿನವಕ್ಕೆ ಔಷಧವೋ ಶಸ್ತ್ರಚಿಕಿತ್ಸೆಯೋ ಇದೆ. ಎರಡೂ ಗೆರೆಗಳು ಒಟ್ಟಿಗೇ ಇಳಿದಿದ್ದರೆ ದೋಷ ಒಳಗಿವಿಯದು ಅಥವಾ ನರದ್ದು. ಅಲ್ಲಿ ಬಹುಮಟ್ಟಿಗೆ ಶ್ರವಣ ಯಂತ್ರದ ಮಾತು ಬರುತ್ತದೆ.

ಗೆರೆಯ ಆಕಾರಕ್ಕೂ ಅರ್ಥವಿದೆ. ನಕ್ಷೆಯ ಎಡಗಡೆಯ ತಗ್ಗಿನ ಆವರ್ತನಗಳಲ್ಲಿ (ದಪ್ಪ ದನಿ) ಸರಿಯಿದ್ದು ಬಲಗಡೆಯ ಮೇಲಿನ ಆವರ್ತನಗಳಿಗೆ (ಕೀಚಲು ದನಿ) ಹೋದಂತೆ ಇಳಿಯುವುದು ವಯಸ್ಸಾದವರಲ್ಲಿ ಸಾಮಾನ್ಯ. ಸ್ವರಗಳು ತಗ್ಗಿನ ಆವರ್ತನಗಳಲ್ಲಿ ಗಟ್ಟಿಯಾಗಿ ಕೇಳಿಸುತ್ತವೆ, ತ, ಕ, ಸ ಮುಂತಾದ ವ್ಯಂಜನಗಳ ಗುರುತು ಮೇಲಿನ ಆವರ್ತನಗಳಲ್ಲಿರುತ್ತದೆ. ಹಾಗಾಗಿ ‘ತಲೆ’ ಎಂದದ್ದು ‘ಕಲೆ’ ಎಂದು ಕೇಳಿಸಬಹುದು. ‘ಕೇಳಿಸುತ್ತದೆ, ಆದರೆ ಅರ್ಥವಾಗುವುದಿಲ್ಲ’ ಎನ್ನುವ ಅಜ್ಜನನ್ನು ಮನೆಯವರು ಗಮನವಿಲ್ಲದವರೆಂದು ಗದರುವುದು ಅನ್ಯಾಯ. 4000 ಹರ್ಟ್ಸ್ ಬಳಿ ಮಾತ್ರ ಗುಂಡಿಬಿದ್ದಂತೆ ಇಳಿದು ಮತ್ತೆ ಏರಿದ್ದರೆ ಗಿರಣಿ, ಯಂತ್ರ, ಪಟಾಕಿಯಂತಹ ಸದ್ದಿನ ಹಾನಿಯನ್ನು ಶಂಕಿಸಬೇಕು.

ತಮಟೆಯ ಅಲುಗಾಟವನ್ನೂ ನಡುಗಿವಿಯ ಒತ್ತಡವನ್ನೂ ಅಳೆಯುವ ಟಿಂಪನೋಮೆಟ್ರಿ ಪರೀಕ್ಷೆಯ ಹಾಳೆಯಲ್ಲಿ ‘ಎ’ ಎಂದರೆ ನಡುಗಿವಿಯ ಒತ್ತಡ ಸಹಜ, ‘ಸಿ’ ಎಂದರೆ ಒತ್ತಡ ತಗ್ಗಿದೆ, ನೆಗಡಿಯಲ್ಲಿ ಹೀಗಾಗುವುದುಂಟು. ಶಿಖರವಿಲ್ಲದ ‘ಬಿ’ ಬಂದಾಗ ಪಕ್ಕದ ಕಿವಿನಾಳದ ಗಾತ್ರವನ್ನೂ ಕೇಳಿ ತಿಳಿಯಿರಿ: ಗಾತ್ರ ಸಹಜವಿದ್ದರೆ ತಮಟೆಯ ಹಿಂದೆ ದ್ರವವಿರಬಹುದು, ತೀರಾ ಹೆಚ್ಚಿದ್ದರೆ ತಮಟೆ ತೂತಾಗಿರಬಹುದು, ತೀರಾ ಕಡಿಮೆಯಿದ್ದರೆ ಗುಗ್ಗೆ ಅಡ್ಡವಿರಬಹುದು.

ನವಜಾತ ಶಿಶುವಿನ ಓಎಇ (ಒಳಗಿವಿಯಿಂದ ಮರಳುವ ಸಣ್ಣ ದನಿಯನ್ನು ಅಳೆಯುವ ಪರೀಕ್ಷೆ) ವರದಿಯಲ್ಲಿ ‘ರೆಫರ್’, ಅಂದರೆ ಮತ್ತೆ ಪರೀಕ್ಷಿಸಬೇಕು, ಎಂದಿದ್ದರೆ ಮಗು ಕಿವುಡು ಎಂದಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಕಿವಿಯೊಳಗೆ ಉಳಿದ ದ್ರವ, ಕೊಠಡಿಯ ಸದ್ದು, ಮಗುವಿನ ಅಳು ಇವುಗಳಿಂದಲೂ ಹಾಗೆ ಬರುತ್ತದೆ. ಆದರೆ ಮರುಪರೀಕ್ಷೆಯನ್ನು ಬಿಡಬಾರದು. ಮತ್ತೆಯೂ ಹಾಗೇ ಬಂದರೆ ಬೇರಾ ಪರೀಕ್ಷೆ (ದನಿಗೆ ಶ್ರವಣ ನರ ಮತ್ತು ಮಿದುಳುಕಾಂಡ ಸ್ಪಂದಿಸುವುದನ್ನು ಅಳೆಯುವುದು) ಮಾಡಿಸಿ ಮೂರು ತಿಂಗಳೊಳಗೆ ನಿರ್ಣಯಕ್ಕೆ ಬರುವುದು, ದೋಷವಿದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಆರಂಭಿಸುವುದು ತಜ್ಞರ ಕ್ರಮ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆಗಳ ಸೌಲಭ್ಯವಿದೆ.

ಹಳೆಯ ವರದಿಯನ್ನು ಎಸೆಯಬೇಡಿ. ಎರಡು ವರದಿಗಳ ನಡುವೆ 5 ಡೆಸಿಬೆಲ್ ವ್ಯತ್ಯಾಸ ಪರೀಕ್ಷೆಯ ಸಹಜ ಏರುಪೇರು. ಅದಕ್ಕೂ ಹೆಚ್ಚಿದ್ದರೆ ವೈದ್ಯರಿಗೆ ತೋರಿಸಿ. ಎರಡು ಕಿವಿಗಳ ನಡುವೆ ಕಾರಣ ತಿಳಿಯದ ದೊಡ್ಡ ಅಂತರವಿದ್ದರೆ ನರದ ಮೇಲಿನ ಗಡ್ಡೆಯನ್ನು ತಳ್ಳಿಹಾಕಲು ಎಂಆರ್‌ಐ ಹೇಳಬಹುದು. ಒಂದೆರಡು ದಿನಗಳಲ್ಲಿ ಇದ್ದಕ್ಕಿದ್ದಂತೆ ಒಂದು ಕಿವಿ ಮಂದವಾದರೆ ಮಾತ್ರ ವರದಿಯ ಅರ್ಥ ಹುಡುಕುತ್ತ ಕೂರದೆ ಅಂದೇ ಕಿವಿ, ಮೂಗು, ಗಂಟಲು ತಜ್ಞರ ಬಳಿಗೆ ಹೋಗಿ. ಸ್ಟಿರಾಯ್ಡ್ ಚಿಕಿತ್ಸೆ ಫಲಿಸುವ ಅವಕಾಶ ಮೊದಲ ಎರಡು ವಾರಗಳಲ್ಲೇ ಹೆಚ್ಚು.